ಏಳೂವರೆ ಸಾವಿರದಲ್ಲೊಬ್ಬ

"ಗೋಂದಮ್ಮ ಅಂದ್ರೆ ನೀವೇನಾ?"

ಬಾಗಿಲಲ್ಲಿ ನಿಂತವನ ಹೆಗಲ ಮೇಲೆ ಒಂದು ಕುರ್ಚಿಯಿತ್ತು. ಅದರ ಕಾಲುಗಳ ಸಂದಿಯಲ್ಲಿ ಮುಖ ಅರ್ಧ ಮಾತ್ರ ಕಾಣುತ್ತಿತ್ತು.

ಪುಸ್ತಕ ಹೊಲಿಯುತ್ತಿದ್ದವಳು ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ತಲೆ ಎತ್ತಿದಳು. ಅವಳ ಕಣ್ಣು ಮೊದಲು ಹೋದದ್ದು ಅವನ ಮುಖಕ್ಕಲ್ಲ, ಕುರ್ಚಿಗೆ. ಹೊಸದಾಗಿ ಹೆಣೆದ ಬೆತ್ತ. ಸಾಲು ಸಾಲು ಸಣ್ಣ ಕಣ್ಣುಗಳು, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈ ಹೆಣಿಗೆಯ ಫೋಟೋಗಳನ್ನು ನಾಲ್ಕು ತಿಂಗಳಿಂದ ದಿನಾ ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು.

'ಅವರೇ! ಅಯ್ಯೋ, ಹೇಳದೆ ಕೇಳದೆ ಬಂದೇಬಿಟ್ರಲ್ಲ... ನನ್ನ ತಲೆ ನೋಡಿದ್ರೆ ಕಾಗೆ ಗೂಡು, ಬಟ್ಟೆ ತುಂಬಾ ಗೋಂದು...'

"ಮೇಷ್ಟ್ರೇ!" ಎಂದುಬಿಟ್ಟಳು.

ಅವನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ. ಹಳೇ ಕುರ್ಚಿಗಳಿಗೆ ಬೆತ್ತ ಹೆಣೆಯುವವನು. 'ದಿನವಿಡೀ ಬೆತ್ತ ಹಿಡಿದುಕೊಂಡೇ ಇರ್ತೀರಿ, ಯಾರನ್ನ ಹೊಡೆಯೋಕೆ ಮೇಷ್ಟ್ರೇ?' ಎಂದು ಅವಳು ಒಮ್ಮೆ ತಮಾಷೆಗೆ ಬರೆದಿದ್ದಳು. ಅಂದಿನಿಂದ ಅವನು ಮೇಷ್ಟ್ರು. ಪುಸ್ತಕಗಳಿಗೆ ರಟ್ಟು ಹಾಕಿ ಬೈಂಡ್ ಮಾಡುವ ಅವಳು ಗೋಂದಮ್ಮ. ಒಂದೇ ಊರಿನ ಎರಡು ತುದಿಯಲ್ಲಿ ಇಬ್ಬರ ಅಂಗಡಿ. ಮಾತೆಲ್ಲ ಆ್ಯಪಿನಲ್ಲೇ. ಫೋನ್ ನಂಬರ್ ಕೇಳುವ ಧೈರ್ಯ ಇಬ್ಬರಿಗೂ ಬಂದಿರಲಿಲ್ಲ.

ಮೊದಲ ಸಲ ಎದುರೆದುರು. ನಗಬೇಕಾದವನು ನಗಲಿಲ್ಲ.

ಕುರ್ಚಿಯನ್ನು ಸದ್ದಾಗದಂತೆ ಕೆಳಗಿಟ್ಟ. ಜೇಬಿನಿಂದ ಒಂದಲ್ಲ, ಎರಡು ಫೋನ್ ತೆಗೆದು ಅವಳ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ.

"ಇದು ನಂದು. ಇದು ನನ್ನ ಪಕ್ಕದಂಗಡಿ ಬೀಗದ ರಿಪೇರಿಯವರದು, ಕೇಳಿ ಇಸ್ಕೊಂಡು ಬಂದೆ. ಎರಡನ್ನೂ ಓದಿ."

ಎರಡರಲ್ಲೂ ಅವಳ ಪೇಜಿನ ಹೆಸರು. ಎರಡರಲ್ಲೂ ಅದೇ ಎರಡು ಸಾಲು.

'ನಿಮ್ಮ ಕೈಗೆ ತಾಳ್ಮೆ ಇದೆ. ಈ ಕೆಲಸ ಬಿಡಬೇಡಿ.'

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕೈ ತಾನಾಗಿಯೇ ತನ್ನ ಫೋನನ್ನು ಮುಚ್ಚಿತು. ಅವನು ಅದನ್ನು ನೋಡಿದ.

"ಇವತ್ತು ಬೆಳಿಗ್ಗೆ ನನ್ನನ್ನ ಅನ್‌ಫಾಲೋ ಮಾಡಿದ್ದೀರಿ. ಏನೋ ಕೈತಪ್ಪಿರಬೇಕು ಅಂದ್ಕೊಂಡೆ. ಬೀಗದವರ ಹತ್ರ ಹೇಳಿದ್ರೆ ಅವರು ನಕ್ಕುಬಿಟ್ರು. 'ಅಯ್ಯೋ, ಆ ಪುಸ್ತಕದಂಗಡಿಯವಳಾ? ನಂಗೂ ಬಂದಿತ್ತಪ್ಪ ಅವಳ ಮೆಸೇಜು' ಅಂದ್ರು." ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. "ಎಷ್ಟು ಜನಕ್ಕೆ ಕಳ್ಸಿದ್ದೀರಿ?"

ಅವಳು ಸೂಜಿಯನ್ನು ಪುಸ್ತಕದ ಮಡಿಕೆಗೆ ಚುಚ್ಚಿಟ್ಟಳು.

ಉತ್ತರ ಬಂದದ್ದು ಒಳಗಿನ ಕಾಗದ ಕತ್ತರಿಸುವ ಯಂತ್ರದ ಹಿಂದಿನಿಂದ.

"ಏಳೂವರೆ ಸಾವಿರ! ನಿನ್ನೆಗೆ ಭರ್ತಿ ಆಯ್ತು ನೋಡಿ, ಅದಕ್ಕಿಂತ ಜಾಸ್ತಿ ಜನರನ್ನ ಫಾಲೋ ಮಾಡೋಕೆ ಆ್ಯಪ್ ಬಿಡಲ್ಲ!" ಅವಳ ಅಕ್ಕ ಹೆಮ್ಮೆಯಿಂದ ಕೂಗಿ ಹೊರಗೆ ಬಂದಳು. "ಯಾಕೆ ಸಾರ್, ಆರ್ಡರ್ ಕೊಡೋಕೆ ಬಂದ್ರಾ?"

ಇಂಥ ಅಕ್ಕಂದಿರು ಸಮಯಕ್ಕೆ ಸರಿಯಾಗಿ ಬರುವುದರಲ್ಲಿ ಎತ್ತಿದ ಕೈ.

ಅವನು ಅಕ್ಕನ ಕಡೆ ತಿರುಗಲೇ ಇಲ್ಲ.

"ನಿಮ್ಗೆ ಗೊತ್ತಿತ್ತಾ? ನನಗೆ ಬಂದ ಆ ಮಾತು ಮಷೀನು ಕಳಿಸಿದ್ದು ಅಂತ?"

'ಗೊತ್ತಿರಲಿಲ್ಲ ಅಂದುಬಿಡು... ಒಂದೇ ಒಂದು ಸುಳ್ಳು. ನಂಬ್ತಾರೆ...'

"ಗೊತ್ತಿತ್ತು," ಎಂದಳು.

"ಯಾವಾಗಿಂದ?"

"ಮೊದಲನೇ ದಿನದಿಂದ."

ಅವನು ಎರಡೂ ಫೋನುಗಳನ್ನು ಜೇಬಿಗೆ ಹಾಕಿಕೊಂಡ.

"ಫ್ಯಾಕ್ಟರಿ ಕೆಲಸಕ್ಕೆ ಬರಲ್ಲ ಅಂದಿದ್ದೆನಲ್ಲ, ಅವರು ಮತ್ತೆ ಕರೆದಿದ್ದಾರೆ. ಸೋಮವಾರ ಹತ್ತು ಗಂಟೆಗೆ ವ್ಯಾನ್ ಬರುತ್ತೆ. ಇವತ್ತು ನಿಮ್ಮನ್ನ ಕೇಳಿ ಮತ್ತೆ ಬೇಡ ಅನ್ನೋಣ ಅಂತಿದ್ದೆ." ಬಾಗಿಲ ಕಡೆ ತಿರುಗಿದ. "ಮಷೀನಿನ ಮಾತು ಕೇಳಿ ಬದುಕು ನಿರ್ಧಾರ ಮಾಡಿದೆನಲ್ಲ... ನನ್ನಷ್ಟು ದಡ್ಡ ಯಾರಿದ್ದಾನೆ ಹೇಳಿ!"

"ಮೇಷ್ಟ್ರೇ, ಒಂದು ನಿಮಿಷ—"

"ಕುರ್ಚಿ ಇಟ್ಕೊಳ್ಳಿ. ಸ್ಟೂಲಿನ ಮೇಲೆ ಕೂತು ಬೆನ್ನು ನೋಯುತ್ತೆ ಅಂತ ಬರೆದಿದ್ರಿ. ಅದನ್ನಾದ್ರೂ ನೀವೇ ಬರೆದಿದ್ರೆ."

ಹೋದ. ಅವಳು ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಬೀದಿಯ ಜನರಲ್ಲಿ ಬೆರೆತುಹೋಗಿದ್ದ.

---

ನಡೆದದ್ದಿಷ್ಟು.

ಐದು ತಿಂಗಳ ಹಿಂದೆ ಅಂಗಡಿಗೆ ಗಿರಾಕಿಗಳೇ ಇಲ್ಲವಾಗಿ, ಅಕ್ಕ ಎಲ್ಲಿಂದಲೋ ಒಂದು ಸಾಫ್ಟ್‌ವೇರ್ ತಂದಳು. ಕೈಕೆಲಸದ ಫೋಟೋ ಹಾಕುವವರನ್ನು ಅದು ತಾನೇ ಹುಡುಕಿ ಫಾಲೋ ಮಾಡುತ್ತದೆ. ದಿನಕ್ಕೆ ಐವತ್ತು ಜನ, ಆ್ಯಪಿಗೆ ಅನುಮಾನ ಬರದ ಹಾಗೆ. ಜೊತೆಗೊಂದು ಒಳ್ಳೆಯ ಮಾತನ್ನೂ ಕಳಿಸುತ್ತದೆ. ನೂರರಲ್ಲಿ ಹತ್ತು ಜನ ತಿರುಗಿ ಫಾಲೋ ಮಾಡಿದರೂ ಅಂಗಡಿಯ ಹೆಸರು ಹರಡಿತಲ್ಲ!

"ಒಂದು ಒಳ್ಳೆ ಮಾತು ಹೇಳೇ, ನಿಂಗೆ ಚೆನ್ನಾಗಿ ಬರುತ್ತೆ," ಎಂದಿದ್ದಳು ಅಕ್ಕ.

ಅವಳು ದಾರಕ್ಕೆ ಮೇಣ ಹಚ್ಚುತ್ತಾ, ತಲೆ ಎತ್ತದೆ ಹೇಳಿದ್ದಳು. ಅದು ಅಪ್ಪ ಹೇಳುತ್ತಿದ್ದ ಮಾತು. ಈ ಅಂಗಡಿ ನಡೆಸಿ, ಈ ಮೇಜಿನ ಮುಂದೆಯೇ ಅವಳಿಗೆ ಹೊಲಿಗೆ ಕಲಿಸಿದ ಅಪ್ಪ. ಅವಳ ಮೊದಲ ಪುಸ್ತಕ ಸೊಟ್ಟಗಾಗಿ ಅವಳು ಅತ್ತಾಗ, ಅದನ್ನು ಕೈಯಲ್ಲಿ ಹಿಡಿದು ಅವರು ಹೇಳಿದ್ದು: ನಿನ್ನ ಕೈಗೆ ತಾಳ್ಮೆ ಇದೆ, ಈ ಕೆಲಸ ಬಿಡಬೇಡ.

ಆ ಮಾತು ಏಳೂವರೆ ಸಾವಿರ ಮನೆಗಳ ಬಾಗಿಲು ಬಡಿಯುತ್ತದೆಂದು ಅವಳಿಗೇನು ಗೊತ್ತು!

ಒಂದು ತಿಂಗಳಾದ ಮೇಲೆ ಒಂದು ಉತ್ತರ ಅವಳ ಕಣ್ಣಿಗೆ ಬಿತ್ತು. 'ಇವತ್ತು ಈ ಮಾತು ಹೇಳಿದವರು ನೀವೊಬ್ಬರೇ. ನಾಳೆ ಬೆಳಿಗ್ಗೆ ಅಂಗಡಿ ಮುಚ್ಚುವವನಿದ್ದೆ.'

ಅವಳು ಮೇಲೆ ಸರಿಸಿ ನೋಡಿದಳು. ತಾನು ಕಳಿಸದ ಮಾತು ತನ್ನ ಹೆಸರಿನಲ್ಲಿತ್ತು. 'ಕ್ಷಮಿಸಿ, ಇದು ಸಾಫ್ಟ್‌ವೇರ್ ಕಳಿಸಿದ್ದು' ಎಂದು ಬರೆಯಲು ಹೊರಟಳು. ಆದರೆ ನಾಳೆ ಅಂಗಡಿ ಮುಚ್ಚುವವನಿಗೆ ಯಾರು ತಾನೇ ಹಾಗೆ ಬರೆಯುತ್ತಾರೆ? ಅಳಿಸಿದಳು. ಬೆರಳಿಗೆ ಗೋಂದು ಅಂಟಿತ್ತು. ಒರೆಸಿಕೊಂಡು ಒಂದೇ ಪದ ಬರೆದಳು.

'ಏನಾಯ್ತು?'

ಅದಾದ ಮೇಲೆ ಅವನು ಬರೆದ, ಅವಳು ಬರೆದಳು. ನಾಳೆ ಹೇಳೋಣ, ನಾಳಿದ್ದು ಹೇಳೋಣ ಎನ್ನುತ್ತಾ ನಾಲ್ಕು ತಿಂಗಳು. ಮಾತು ಬೆಳೆದಷ್ಟೂ ಭಯವೂ ಬೆಳೆಯಿತು. ಕೊನೆಗೆ ನಿನ್ನೆ ಫಾಲೋ ಮಿತಿ ತುಂಬಿತು. ಹೊಸಬರಿಗೆ ಜಾಗ ಮಾಡಲು ಸಾಫ್ಟ್‌ವೇರ್ ಹಳಬರನ್ನು ಒಬ್ಬೊಬ್ಬರನ್ನಾಗಿ ಕಿತ್ತು ಹಾಕತೊಡಗಿತ್ತು. ಅದಕ್ಕೆ ಅವನೂ ಒಂದು ಹಳೇ ಹೆಸರು, ಅಷ್ಟೇ.

"ಅಂದ್ರೆ... ಈ ಮನುಷ್ಯನ ಜೊತೆಗೇನೇ ನೀನು ದಿನಾ ಫೋನ್ ನೋಡಿ ನೋಡಿ ನಗ್ತಿದ್ದದ್ದು?" ಎಲ್ಲ ಕೇಳಿದ ಅಕ್ಕ ಧಪ್ಪನೆ ಕೂತಳು. "ನಂಗ್ಯಾಕೆ ಹೇಳ್ಲಿಲ್ಲ ನೀನು? ಅಯ್ಯೋ ನನ್ನ ಬಾಯಿಗಿಷ್ಟು!"

"ನಿಂದೇನಿಲ್ಲ ಬಿಡಕ್ಕ. ಹೇಳಬೇಕಾದವಳು ನಾನು."

ಅಕ್ಕ ಅಂದೇ ಆ ಸಾಫ್ಟ್‌ವೇರನ್ನು ಕಿತ್ತೆಸೆದಳು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

---

ಅವನಿಗೆ ಬರೆಯಲು ಹೋದರೆ ಅವನು ಮೆಸೇಜು ಬರದ ಹಾಗೆ ಮಾಡಿದ್ದ. ಫಾಲೋ ಒತ್ತಿದರೆ ಪರದೆಯ ಮೇಲೆ ಬೇರೆಯೇ ಉತ್ತರ.

'ನಿಮ್ಮ ಖಾತೆಯಲ್ಲಿ ಯಂತ್ರದ ಚಟುವಟಿಕೆ ಕಂಡುಬಂದಿದೆ. ಸದ್ಯಕ್ಕೆ ನೀವು ಯಾರನ್ನೂ ಫಾಲೋ ಮಾಡುವಂತಿಲ್ಲ.'

"ನಾನು ಯಂತ್ರ ಅಲ್ಲ! ನಾನು ಮನುಷ್ಯಳು ಕಣೋ!" ಅವಳು ಫೋನಿಗೇ ಕೂಗಿದಳು. ಫೋನಿಗೆ ಅದೆಲ್ಲಿ ಕೇಳಿಸಬೇಕು?

ಆಮೇಲೆ ಅವಳಿಗೊಂದು ಹಟ ಹುಟ್ಟಿತು. ಏಳೂವರೆ ಸಾವಿರ ಅಪರಿಚಿತರ ಗುಂಪಿನಲ್ಲಿ ಮೇಷ್ಟ್ರನ್ನು ಮತ್ತೆ ನಿಲ್ಲಿಸಬಾರದು. ಎಲ್ಲರನ್ನೂ ತೆಗೆಯಬೇಕು, ಒಬ್ಬೊಬ್ಬರನ್ನಾಗಿ, ಕೈಯಾರೆ. ಮೇಷ್ಟ್ರು ಎಂದಾದರೂ ತನ್ನ ಪೇಜು ತೆರೆದರೆ ಆ ಸಂಖ್ಯೆ ಇಳಿಯುವುದನ್ನು ನೋಡಲಿ.

ಬುಧವಾರ ಶುರು ಮಾಡಿದಳು. ಹೆಸರು ಒತ್ತು, ತೆಗೆ, ಖಚಿತವೇ ಎಂದು ಕೇಳಿದರೆ ಹೌದು. ಮುಂದಿನ ಹೆಸರು. ಗಿರಾಕಿಯ ಪುಸ್ತಕಗಳು ಹಾಗೇ ಬಿದ್ದಿದ್ದವು. ಇನ್ನೂರು ಆಗುತ್ತಲೇ ಆ್ಯಪ್ ತಡೆಯಿತು. ತೆಗೆಯುವುದಕ್ಕೂ ಒಂದು ಮಿತಿಯಂತೆ! 'ನಾಳೆ ಪ್ರಯತ್ನಿಸಿ.'

ಗುರುವಾರ ಇನ್ನೂರು. ಶುಕ್ರವಾರ ಇನ್ನೂರು. ಹೆಬ್ಬೆರಳು ಬಾತುಕೊಂಡಿತು. ಭಾನುವಾರ ಸಂಜೆ ಲೆಕ್ಕ ಹಾಕಿದರೆ ಇನ್ನೂ ಆರೂವರೆ ಸಾವಿರ ಉಳಿದಿತ್ತು. ಒಂದು ತಿಂಗಳ ಕೆಲಸ. ವ್ಯಾನು ಬರುವುದು ಬೆಳಗಾದರೆ.

ಅವನ ಅಂಗಡಿ ಊರಿನ ಆ ತುದಿಯಲ್ಲಿ, ಬೀಗದ ಅಂಗಡಿಯ ಪಕ್ಕ. ಅವನ ಪೇಜಿನಲ್ಲಿ ವಿಳಾಸವಿರಲಿಲ್ಲ, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಎರಡು ದಿನ ಆ ತುದಿಯ ಬೀದಿಗಳನ್ನೆಲ್ಲ ಅಲೆದು ಬಂದಿದ್ದಳು. ಬೀಗದಂಗಡಿಗಳಿಗೇನು ಬರಗಾಲವೇ? ಕಂಡ ಕಂಡಲ್ಲಿ ಇದ್ದವು. ಯಾವುದರ ಪಕ್ಕದಲ್ಲೂ ಬೆತ್ತ ಕಾಣಲಿಲ್ಲ.

'ಹೋಗ್ತಾರೆ... ನನ್ನನ್ನ ಒಂದು ಮಷೀನು ಅಂದ್ಕೊಂಡೇ ಹೋಗ್ತಾರೆ.'

ಅವನ ಕುರ್ಚಿ ಮಾತ್ರ ಮೂಲೆಯಲ್ಲಿತ್ತು, ಕಾಗದ ಮುಚ್ಚಿಕೊಂಡು. ಅದರ ಮೇಲೆ ಕೂರುವ ಮನಸ್ಸು ಅವಳಿಗೆ ಬಂದಿರಲಿಲ್ಲ.

---

ಸೋಮವಾರ ಬೆಳಿಗ್ಗೆ ಎಂಟೂವರೆ. ಅಕ್ಕ ನೆಲ ಒರೆಸಲು ಅಂಗಡಿಯ ಸಾಮಾನೆಲ್ಲ ಎತ್ತಿಡುತ್ತಿದ್ದಳು. ಸ್ಟೂಲುಗಳನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟಳು. ಆ ಕುರ್ಚಿಯನ್ನೂ ಹಾಗೇ ತಲೆಕೆಳಗು ಮಾಡಿದಳು.

"ಲೇ... ಇಲ್ಲಿ ಬಾರೇ. ಇದರ ಕೆಳಗೇನೋ ಬರೆದಿದೆ."

ಬೆತ್ತ ಹೆಣೆಯುವವರು ಸೀಟಿನ ಅಡಿಯ ಮರದ ಮೇಲೆ ಪೆನ್ಸಿಲಿನಲ್ಲಿ ತಾರೀಖು, ಬೀದಿ ಬರೆದಿಡುತ್ತಾರೆ. ಹತ್ತು ವರ್ಷದ ಮೇಲೆ ಬೆತ್ತ ಹರಿದರೂ ಕುರ್ಚಿ ಅದೇ ಕೈಗೆ ವಾಪಸ್ ಬರಲಿ ಎಂದು. ಅಲ್ಲಿ ಬೀದಿಯ ಹೆಸರಿತ್ತು. ಅಂಗಡಿಯ ನಂಬರಿತ್ತು. ಹತ್ತು ದಿನ ಹಿಂದಿನ ತಾರೀಖಿತ್ತು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಾಲು.

ಓದಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಇನ್ನೊಮ್ಮೆ ಓದಿದಳು.

"ಅಕ್ಕಾ, ಗಂಟೆ ಎಷ್ಟು?"

"ಎಂಟು ಮೂವತ್ತೈದು. ಎರಡು ಬಸ್ ಬದಲಾಯಿಸ್ಬೇಕು. ನಿಂತ್ಕೊಂಡು ನನ್ನ ಮುಖ ಏನು ನೋಡ್ತೀಯ? ಓಡೇ!"

ಅವಳು ಕುರ್ಚಿ ಹೊತ್ತು ಓಡಿದಳು. ಮೊದಲ ಬಸ್ಸಿನ ಕಂಡಕ್ಟರ್ ಅವಳನ್ನೂ ಕುರ್ಚಿಯನ್ನೂ ಮೇಲಿಂದ ಕೆಳಗೆ ನೋಡಿದ.

"ಸೀಟ್ ಸಿಗಲ್ಲ ಅಂತ ಮನೆಯಿಂದಲೇ ತಂದ್ರೇನಮ್ಮ?"

ಬಸ್ಸೆಲ್ಲ ನಕ್ಕಿತು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಎರಡನೇ ಬಸ್ಸು ಸಿಗ್ನಲಿನಲ್ಲಿ ನಿಂತಿತು. ಒಂಬತ್ತೂವರೆ. ಇನ್ನೊಂದು ಸಿಗ್ನಲ್. ಒಂಬತ್ತು ನಲವತ್ತು. ಕೊನೆಗೆ ಅವಳು ತಡೆಯಲಾರದೆ ಒಂದು ಸ್ಟಾಪ್ ಮೊದಲೇ ಇಳಿದು, ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಓಡಿದಳು.

ಕಿರಿದಾದ ಬೀದಿ. ಬೀಗದಂಗಡಿ. ಅದರ ಪಕ್ಕ ಅರ್ಧ ಎಳೆದ ಬಾಗಿಲು. ಹೆಣೆದು ಮುಗಿಸಿದ ಕುರ್ಚಿಗಳನ್ನೆಲ್ಲ ಕೊಟ್ಟುಬಿಟ್ಟಿದ್ದರಿಂದ ಹೊರಗೆ ಏನೂ ಇರಲಿಲ್ಲ. ಮುಂದೆ ವ್ಯಾನು ನಿಂತಿತ್ತು.

ಅವನು ಒಳಗೆ ಉಪಕರಣಗಳ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದ. ಬೆತ್ತ ನೆನೆಸುವ ತೊಟ್ಟಿ ಖಾಲಿಯಾಗಿ ಗೋಡೆಗೆ ಒರಗಿತ್ತು.

"ಕೊಟ್ಟಿದ್ದನ್ನ ವಾಪಸ್ ತಗೊಳ್ಳಲ್ಲ," ಎಂದ, ಕುರ್ಚಿ ನೋಡಿ.

"ವಾಪಸ್ ಕೊಡೋಕೆ ಬಂದಿಲ್ಲ." ಅವಳಿಗೆ ಉಸಿರೇ ಸಾಲುತ್ತಿರಲಿಲ್ಲ. "ನನ್ನ ಮಾತು ಕೇಳಿ. ಆಮೇಲೆ ಹೋಗಿ. ಮೊದಲನೇ ಮಾತು ನಾನು ಕಳಿಸಿದ್ದಲ್ಲ. ಅದು ನಮ್ಮಪ್ಪನ ಮಾತು, ಮಷೀನು ಊರಿಗೆಲ್ಲ ಹಂಚಿತು. ನಂಗೆ ಗೊತ್ತಾದ ಮೇಲೂ ನಿಮ್ಗೆ ಹೇಳ್ಲಿಲ್ಲ. ಅದು ನನ್ನ ತಪ್ಪು. ಮಷೀನಿಂದಲ್ಲ, ನಂದೇ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಹೋಗ್ಬಿಡ್ತೀರಿ ಅಂತ ಹೆದರಿಕೆ."

"ಹೇಳದೆ ಇದ್ದಿದ್ದಕ್ಕೇ ತಾನೇ ನಾನೀಗ ಹೊರಟಿರೋದು?"

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಅವನು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ.

"ನಿಮ್ಮ ಪೇಜ್ ನೋಡಿದೆ," ಎಂದ, ಅವಳತ್ತ ನೋಡದೆ. "ದಿನಾ ಇನ್ನೂರು ಕಡಿಮೆ ಆಗ್ತಿತ್ತು. ಸರಿಯಾಗಿ ಇನ್ನೂರು. ಅದಕ್ಕೂ ಒಂದು ಸಾಫ್ಟ್‌ವೇರ್ ಹಾಕಿದ್ದಾರೆ ಅಂದ್ಕೊಂಡೆ."

ಅವಳಿಗೆ ಅಳು ಒತ್ತರಿಸಿ ಬಂತು. ಬಲಗೈ ಮುಂದೆ ಚಾಚಿದಳು. ಬಾತುಕೊಂಡ ಹೆಬ್ಬೆರಳಿಗೆ ಬೈಂಡಿಂಗ್ ಬಟ್ಟೆಯ ಪಟ್ಟಿ ಸುತ್ತಿತ್ತು.

ಅವನ ಕೈ ಪೆಟ್ಟಿಗೆಯ ಮೇಲೆ ಸಡಿಲವಾಯಿತು. ಕೈಕೆಲಸದವನಿಗೆ ಕೈ ಓದಲು ಬರುತ್ತದೆ.

"ಇಷ್ಟು ಮೆಸೇಜುಗಳಲ್ಲಿ ಯಾವುದು ನಿಮ್ದು, ಯಾವುದು ಮಷೀನಿಂದು ಅಂತ ನಾನು ಹೇಗೆ ನಂಬ್ಲಿ?" ಎಂದ. ಈಗ ಆ ದನಿಯಲ್ಲಿ ಸಿಟ್ಟಿರಲಿಲ್ಲ. ನೋವಿತ್ತು.

"ನಾನು ಹೇಳೋದು ಬೇಡ. ನೀವೇ ಹೇಳಿದ್ದೀರಿ."

ಅವಳು ಕುರ್ಚಿಯನ್ನು ಬೋರಲು ಮಾಡಿ ಅವನ ಮುಂದಿಟ್ಟಳು. ಅವನು ಬಗ್ಗಿ, ತಾನೇ ಬರೆದು ಮರೆತಿದ್ದ ಸಾಲನ್ನು ಓದಿದ.

'ಏನಾಯ್ತು ಅಂತ ಕೇಳಿದವರಿಗೆ.'

ಅವನು ಆ ಅಕ್ಷರಗಳ ಮೇಲೆ ಬೆರಳಾಡಿಸಿದ.

"ಆ ಒಳ್ಳೆ ಮಾತು ಎಲ್ಲರಿಗೂ ಹೋಗಿತ್ತು," ಎಂದಳು ಅವಳು ಮೆಲ್ಲಗೆ. "ಆರು ನೂರು ಜನ ಅದಕ್ಕೆ ಥ್ಯಾಂಕ್ಸ್ ಅಂತ ಉತ್ತರ ಕಳಿಸಿದ್ದಾರೆ. ಬೇಕಾದ್ರೆ ನನ್ನ ಫೋನ್ ನೋಡಿ. ಅವರಲ್ಲಿ ಯಾರಿಗೂ ನಾನು ಮತ್ತೆ ಬರೆದಿಲ್ಲ. ಏನಾಯ್ತು ಅಂತ ಕೇಳಿದ್ದು ನಿಮ್ಮೊಬ್ಬರನ್ನೇ."

ಅವಳು ಫೋನ್ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ.

ಹಾರ್ನ್ ಮತ್ತೆ ಕೂಗಿತು, ಈ ಸಲ ಉದ್ದವಾಗಿ. ಅವನು ಥಟ್ಟನೆ ಎದ್ದು, ಪೆಟ್ಟಿಗೆ ಎತ್ತಿಕೊಂಡು ಹೊರಗೆ ಹೋದ.

ಅವಳು ಅಲ್ಲೇ ನಿಂತಿದ್ದಳು. ಹೊರಗೆ ಏನೋ ಮಾತು. ವ್ಯಾನಿನ ಬಾಗಿಲು ಧಡ್ಡೆಂದು ಮುಚ್ಚಿತು. ಇಂಜಿನ್ ಶುರುವಾಯಿತು... ಬೀದಿಯ ತಿರುವಿನಲ್ಲಿ ಸದ್ದು ಸಣ್ಣದಾಯಿತು... ಕೊನೆಗೆ ಕೇಳಿಸಲೇ ಇಲ್ಲ.

'ಹೋದರು.'

ಬೋರಲು ಬಿದ್ದ ಕುರ್ಚಿಯ ಪಕ್ಕ ನೆಲದ ಮೇಲೇ ಕೂತಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಜೋರಾಗಿಯೇ ಅತ್ತಳು.

ಪಕ್ಕದಲ್ಲಿ ಏನೋ ಭಾರವಾದದ್ದನ್ನು ಇಳಿಸಿದ ಸದ್ದಾಯಿತು. ಪೆಟ್ಟಿಗೆ.

"ಅವತ್ತು ಮಷೀನಿನ ಮಾತು ಓದಿ ಖುಷಿಯಾಗಿದ್ದು ನಿಜ," ಎಂದಿತು ಅವನ ದನಿ. "ಆದ್ರೂ ಬೆಳಿಗ್ಗೆ ಎದ್ದು ಫ್ಯಾಕ್ಟರಿಗೆ ಹೂಂ ಅನ್ನೋನಿದ್ದೆ. ನೀವು ಏನಾಯ್ತು ಅಂದ್ರಿ. ಕೂತು ಎರಡು ಗಂಟೆ ಬರೆದೆ. ಬರೆದು ಮುಗಿಸೋ ಹೊತ್ತಿಗೆ, ಹೋಗಬಾರದು ಅಂತ ನನಗೇ ಗೊತ್ತಾಗಿತ್ತು. ಸಿಟ್ಟಲ್ಲಿ ಅದನ್ನೇ ಮರೆತುಬಿಟ್ಟೆ."

ಅವಳು ಮುಖದಿಂದ ಕೈ ತೆಗೆಯಲಿಲ್ಲ. ತೆಗೆದರೆ ಎಲ್ಲಿ ಇದು ಸುಳ್ಳಾಗುತ್ತದೋ ಎಂಬ ಭಯ.

ಅವನು ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದ. ಅವಳ ತೋಳು ಹಿಡಿದು ಎಬ್ಬಿಸಿ, ಅದರ ಮೇಲೆ ಕೂರಿಸಿದ. ತಾನು ಎದುರಿಗೆ ಪೆಟ್ಟಿಗೆಯ ಮೇಲೆ ಕೂತು, ಅವಳ ಬಾತ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡ.

"ಏನಾಯ್ತು?" ಎಂದು ಕೇಳಿದ.

ಅವಳು ಅಳುತ್ತಲೇ ನಕ್ಕಳು. "ಇದನ್ನ ನೀವೇ ಕೇಳ್ತಿದ್ದೀರಾ, ಇಲ್ಲಾ ನೀವೂ ಯಾವುದಾದ್ರೂ ಸಾಫ್ಟ್‌ವೇರ್ ಹಾಕಿಸ್ಕೊಂಡ್ರಾ?"

"ನಾನೇ. ಹೇಳಿ, ಏನಾಯ್ತು?"

"ಪ್ರೀತಿ ಆಯ್ತು, ಮೇಷ್ಟ್ರೇ."

ಅವನ ಕಿವಿಯವರೆಗೂ ಕೆಂಪೇರಿತು. ಆದರೂ ಬಿಡಲಿಲ್ಲ.

"ಎಷ್ಟು ಜನರ ಮೇಲೆ?"

"ಒಬ್ಬರ ಮೇಲೆ," ಎಂದಳು ಗೋಂದಮ್ಮ. "ನನ್ನ ಮಿತಿ ಅಷ್ಟೇ."